ಎದೆಯ ಗುಳಿಗೆ ಮತ್ತು ಸುಗ್ಗಿಯ ಮೈನೋವು

ಸವದತ್ತಿ ತಾಲೂಕಿನ ಹಿರಿಯ ರೈತರೊಬ್ಬರು ಹಿಂಗಾರಿ ಜೋಳದ ಸುಗ್ಗಿ ಮುಗಿದ ಮೇಲೆ ನನ್ನ ದವಾಖಾನೆಗೆ ಬಂದರು. ಎರಡು ವರ್ಷದ ಹಿಂದೆ ಹೃದಯಾಘಾತವಾಗಿ ಬೆಳಗಾವಿಯಲ್ಲಿ ಸ್ಟೆಂಟ್ ಹಾಕಿಸಿಕೊಂಡವರು. ಕೈಚೀಲದೊಳಗಿನ ಗುಳಿಗೆಗಳನ್ನೆಲ್ಲ ಮೇಜಿನ ಮೇಲೆ ಸುರಿದರು. ಒಂದು ಸ್ಟ್ರಿಪ್ಪಿನಲ್ಲಿ ಮಾತ್ರ ಎರಡೇ ಗುಳಿಗೆ ತೆಗೆದಿದ್ದರು, ಎಂಟು ಹಾಗೇ ಉಳಿದಿದ್ದವು. ಯಾಕೆಂದು ಕೇಳಿದೆ. "ಅದನ್ನ ಬಂದ್ ಮಾಡೀನ್ರಿ ಡಾಕ್ಟ್ರ. ಭುಜಾ, ಟೊಂಕಾ ಎಲ್ಲಾ ಹಿಡದಾವು. ಕೊಬ್ಬಿನ ಗುಳಿಗಿ ಮೈಯಾಗಿನ ಶಕ್ತಿ ತಿಂತೈತಿ ಅಂತ ಊರಾಗ ಅಂತಾರ."

"ಕಾಕಾ, ಜೋಳ ಎಷ್ಟು ದಿನ ಕಿತ್ತಿರಿ?"

"ಹನ್ನೆರಡು ದಿನರೀ."

"ನಿಮ್ಮ ಜೋಡಿ ಕಿತ್ತವರಿಗೆ ಟೊಂಕ ಹಿಡದಿಲ್ಲೇನು?"

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಎಲ್ಲಾರಿಗೂ ಹಿಡದಾವ್ರಿ" ಅಂದರು.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಈ ಸೀಮೆಯಲ್ಲಿ ಮೈ ನೋಯದೆ ದುಡಿಯುವವರು ಯಾರಿದ್ದಾರೆ? ಜೋಳ ಕೀಳುವವರಿಗೆ ಟೊಂಕ, ಮಗ್ಗದಲ್ಲಿ ಕೂತವರಿಗೆ ಭುಜ, ಹತ್ತಿ ಬಿಡಿಸುವ ಹೆಣ್ಣುಮಕ್ಕಳಿಗೆ ಕುತ್ತಿಗೆ. ಅಂಥ ನೋವಿನ ನಡುವೆ ಸ್ಟಾಟಿನ್ ಎಂಬ ಗುಳಿಗೆ ಮನೆಗೆ ಬರುತ್ತದೆ. ಅದು ಮಾಡುವ ಒಳ್ಳೆಯದು ಮೈಗೆ ತಿಳಿಯುವುದಿಲ್ಲ. ಜ್ವರದ ಗುಳಿಗೆ ನುಂಗಿದರೆ ಬೆವರು ಬರುತ್ತದೆ, ನೋವಿನ ಗುಳಿಗೆ ನುಂಗಿದರೆ ನೋವು ಇಳಿಯುತ್ತದೆ. ಇದನ್ನು ನುಂಗಿದರೆ ಏನೂ ಆಗುವುದಿಲ್ಲ. ಆಗಬೇಕಾಗಿದ್ದ ಹೃದಯಾಘಾತ ಆಗದೆ ಉಳಿಯುತ್ತದೆ, ಅಷ್ಟೆ. ಅದಕ್ಕೇ ಮನೆಯಲ್ಲಿ ಏನು ಬ್ಯಾನಿ ಬಂದರೂ ಮೊದಲು ದೂರು ಬರುವುದು ಈ ಗುಳಿಗೆಯ ಮೇಲೆ.

ಇನ್ನೊಂದು ಮಾತು ನಾನು ವಾರಕ್ಕೆ ನಾಲ್ಕು ಸಲವಾದರೂ ಕೇಳುತ್ತೇನೆ. "ನಾವು ಮಾಂಸಾ ಮುಟ್ಟಾವರಲ್ಲ, ನಮಗ ಕೊಲೆಸ್ಟ್ರಾಲ್ ಎಲ್ಲಿಂದ ಬಂತರೀ?" ಇದು ನ್ಯಾಯವಾದ ಪ್ರಶ್ನೆ. ರಕ್ತದಲ್ಲಿರುವ ಕೊಲೆಸ್ಟ್ರಾಲಿನ ದೊಡ್ಡ ಪಾಲು ಊಟದ ತಾಟಿನಿಂದ ಬರುವುದಿಲ್ಲ, ನಮ್ಮ ದೇಹವೇ ತಯಾರು ಮಾಡುತ್ತದೆ. ಆ ಕೆಲಸದಲ್ಲಿ ಯಕೃತ್ತು, ಅಂದರೆ ಲಿವರ್, ಮುಂದು. ಸ್ಟಾಟಿನ್ ಗುಳಿಗೆ ಲಿವರಿನಲ್ಲಿ ಈ ತಯಾರಿಕೆಯ ಒಂದು ಮುಖ್ಯ ಕಿಣ್ವವನ್ನು ತಡೆಯುತ್ತದೆ. ತನ್ನಲ್ಲಿ ಕೊರತೆಯಾಯಿತೆಂದು ಲಿವರ್ ರಕ್ತದಲ್ಲಿರುವ ಎಲ್‌ಡಿಎಲ್ ಎಂಬ ಕೆಟ್ಟ ಕೊಬ್ಬನ್ನು ಒಳಗೆ ಎಳೆದುಕೊಳ್ಳುತ್ತದೆ. ರಕ್ತದಲ್ಲಿ ಆ ಕೊಬ್ಬು ಇಳಿಯುತ್ತದೆ. ರಕ್ತನಾಳದ ಒಳಗೋಡೆಯಲ್ಲಿ ಕೂತ ಕೊಬ್ಬಿನ ಗಂಟು ಒಡೆದುಕೊಳ್ಳದಂತೆ ಗಟ್ಟಿಯಾಗುತ್ತದೆ. ಹಾಗೆ ಗಂಟು ಒಡೆದು, ಅದರ ಮೇಲೆ ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚಿಹೋಗುವುದನ್ನೇ ನಾವು ಹೃದಯಾಘಾತ ಎನ್ನುತ್ತೇವೆ. ಮೆದುಳಿನ ನಾಳದಲ್ಲಾದರೆ ಲಕ್ವಾ.

ಈ ಔಷಧ ಮೊದಲು ಸಿಕ್ಕದ್ದು ಬೂಷ್ಟಿನಲ್ಲಿ. ಜಪಾನಿನ ಅಕಿರಾ ಎಂಡೊ ಎಂಬ ವಿಜ್ಞಾನಿ 1971ರಿಂದ ಎರಡು ವರ್ಷ, ಆರು ಸಾವಿರದಷ್ಟು ಸೂಕ್ಷ್ಮಜೀವಿಗಳನ್ನು ಒಂದೊಂದಾಗಿ ಪರೀಕ್ಷಿಸುತ್ತ ಹೋದರು. ಕೊನೆಗೆ ಅಕ್ಕಿಯ ಮೇಲೆ ಬೆಳೆದ ಒಂದು ಬೂಷ್ಟಿನಲ್ಲಿ ಬೇಕಾದದ್ದು ಸಿಕ್ಕಿತು. ಈ ಜಾತಿಯ ಮೊದಲ ಔಷಧಕ್ಕೆ ಅಮೆರಿಕದಲ್ಲಿ ಒಪ್ಪಿಗೆ ದೊರೆತದ್ದು 1987ರಲ್ಲಿ. ಆದರೂ ಅದು ಜೀವ ಉಳಿಸುತ್ತದೆಯೇ ಎಂಬ ಅನುಮಾನ ಉಳಿದಿತ್ತು. ಅದು ಹೋದದ್ದು 1994ರಲ್ಲಿ. ಯುರೋಪಿನ ಉತ್ತರದ ದೇಶಗಳಲ್ಲಿ ಹೃದ್ರೋಗವಿದ್ದ 4,444 ಜನರನ್ನು ಐದು ವರ್ಷಕ್ಕೂ ಹೆಚ್ಚು ಕಾಲ ಗಮನಿಸಿದರು. ಔಷಧವಿಲ್ಲದ ಹುಸಿ ಗುಳಿಗೆ ತೆಗೆದುಕೊಂಡವರಲ್ಲಿ 256 ಜನ ತೀರಿಕೊಂಡರು, ಸಿಮ್ವಾಸ್ಟಾಟಿನ್ ಎಂಬ ಸ್ಟಾಟಿನ್ ತೆಗೆದುಕೊಂಡವರಲ್ಲಿ 182. ಎಂಡೊ ಅವರು 2024ರಲ್ಲಿ ತೊಂಬತ್ತರ ವಯಸ್ಸಿನಲ್ಲಿ ತೀರಿಹೋದರು. ಅವರ ಹೆಸರು ನಮ್ಮ ಹಳ್ಳಿಗಳಿಗೂ ಗೊತ್ತಾಗಬೇಕು ಎಂಬುದು ನನ್ನ ಆಸೆ.

ಮತ್ತೆ ನೋವಿಗೆ ಬರೋಣ. ಸ್ಟಾಟಿನ್‌ನಿಂದ ಮೈನೋವು ಬರುವುದೇ ಇಲ್ಲ ಎಂದು ನಾನು ಹೇಳುವುದಿಲ್ಲ, ಕೆಲವರಿಗೆ ಬರುತ್ತದೆ. ಅದಕ್ಕೆ ಅದರದೇ ಗುರುತುಗಳಿವೆ. ಗುಳಿಗೆ ಸುರುಮಾಡಿದ ಅಥವಾ ಪ್ರಮಾಣ ಏರಿಸಿದ ಕೆಲವು ವಾರಗಳಲ್ಲಿ ಬರುತ್ತದೆ. ಎರಡೂ ತೊಡೆ, ಎರಡೂ ಭುಜ, ಎರಡೂ ಮೀನಖಂಡ ಹೀಗೆ ಜೋಡಿಯಾಗಿ ನೋಯುತ್ತವೆ. ಕೂತಲ್ಲಿಂದ ಏಳಲು, ಮೆಟ್ಟಿಲು ಹತ್ತಲು ಬಲ ಸಾಲದು ಅನಿಸುತ್ತದೆ. ಒಂದೇ ಮೊಣಕಾಲು ನೋಯುತ್ತಿದ್ದರೆ, ಸಂದಿನಲ್ಲಿ ಬಾವು ಇದ್ದರೆ, ಬೆರಳಲ್ಲಿ ಜೋಮು ಇದ್ದರೆ ಅದಕ್ಕೆ ಬೇರೆ ಕಾರಣ ಹುಡುಕಬೇಕು. ಲಂಡನ್ನಿನಲ್ಲಿ ನಡೆದು 2020ರಲ್ಲಿ ಪ್ರಕಟವಾದ ಒಂದು ಪ್ರಯೋಗ ನನಗೆ ಬಹಳ ಕಲಿಸಿತು. ಮೈನೋವಿನಂಥ ತೊಂದರೆಗಳಿಂದ ಸ್ಟಾಟಿನ್ ಬಿಟ್ಟಿದ್ದ 60 ಜನರಿಗೆ ಹನ್ನೆರಡು ಡಬ್ಬಿ ಕೊಟ್ಟರು: ನಾಲ್ಕರಲ್ಲಿ ಸ್ಟಾಟಿನ್, ನಾಲ್ಕರಲ್ಲಿ ಹುಸಿ ಗುಳಿಗೆ, ನಾಲ್ಕು ಖಾಲಿ. ತಿಂಗಳಿಗೊಂದು ಡಬ್ಬಿ, ದಿನಾಲೂ ನೋವಿನ ಲೆಕ್ಕ. ಸ್ಟಾಟಿನ್ ತಿಂಗಳಲ್ಲಿ ಬಂದ ತೊಂದರೆಯ ನೂರರಲ್ಲಿ ತೊಂಬತ್ತು ಪಾಲು ಹುಸಿ ಗುಳಿಗೆಯ ತಿಂಗಳಲ್ಲೂ ಬಂದಿತ್ತು. ಅವರು ಸುಳ್ಳು ಹೇಳಿರಲಿಲ್ಲ, ನೋವು ನಿಜವೇ. ಗುಳಿಗೆ ಕಾಡುತ್ತದೆಂಬ ಅಂಜಿಕೆಯೇ ಬಹುಪಾಲು ನೋವಾಗಿತ್ತು. ಇದನ್ನು ತಿಳಿದ ಮೇಲೆ ಅವರಲ್ಲಿ ಅರ್ಧದಷ್ಟು ಜನ ಗುಳಿಗೆಗೆ ಮರಳಿದರು.

ಆದರೆ ಒಂದು ಗುರುತನ್ನು ದಯವಿಟ್ಟು ನೆನಪಿಡಿ. ತೊಡೆ, ಭುಜಗಳಲ್ಲಿ ತಡೆಯಲಾರದ ನೋವು ಅಥವಾ ನಿಶ್ಶಕ್ತಿ ಬಂದು ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ, ಗುಳಿಗೆ ನಿಲ್ಲಿಸಿ ಅವತ್ತೇ ದೊಡ್ಡ ದವಾಖಾನೆಗೆ ಹೋಗಬೇಕು. ಸ್ನಾಯು ಕರಗಿ ಕಿಡ್ನಿಗೆ ಪೆಟ್ಟಾಗುವ ಸ್ಥಿತಿ ಅದು. ವರ್ಷಕ್ಕೆ ಹತ್ತು ಸಾವಿರ ಜನರಲ್ಲಿ ಒಬ್ಬರಿಗೆ ಬರುವುದೂ ಅಪರೂಪ. ಅದು ಬಂದಾಗ ಬಹಳ ಸಲ ಹಿಂದೆ ಇನ್ನೊಂದು ಔಷಧದ ಕೈವಾಡ ಇರುತ್ತದೆ.

ಈ ಇನ್ನೊಂದು ಔಷಧದ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಕಡೆ ಈಗ ಗಜಕರ್ಣ ಮನೆಮನೆಗೂ ಹಬ್ಬಿದೆ. ಮುಲಾಮು ಕೇಳದಿದ್ದಾಗ ಬಾಯಿಗೆ ಇಟ್ರಾಕೊನಜೋಲ್ ಕ್ಯಾಪ್ಸೂಲ್ ಕೊಡುತ್ತಾರೆ, ವಾರಗಟ್ಟಲೆ. ಸಿಮ್ವಾಸ್ಟಾಟಿನ್ ಮತ್ತು ಅಟೋರ್ವಾಸ್ಟಾಟಿನ್ ಗುಳಿಗೆಗಳನ್ನು ದೇಹ ಯಾವ ದಾರಿಯಿಂದ ಹೊರಗೆ ಹಾಕುತ್ತದೆಯೋ ಆ ದಾರಿಯನ್ನೇ ಈ ಕ್ಯಾಪ್ಸೂಲ್ ಮುಚ್ಚುತ್ತದೆ. ನುಂಗಿದ್ದು ಒಂದೇ ಗುಳಿಗೆ, ರಕ್ತದಲ್ಲಿ ಅದರ ಬಲ ಹಲವು ಪಟ್ಟು. ಕೆಮ್ಮು ಕಫಕ್ಕೆ ಕೊಡುವ ಕ್ಲಾರಿಥ್ರೊಮೈಸಿನ್, ಎರಿಥ್ರೊಮೈಸಿನ್ ಕೂಡ ಇದೇ ಕೆಲಸ ಮಾಡುತ್ತವೆ. ಚರ್ಮದ ಡಾಕ್ಟರು ಬೇರೆ, ಎದೆಯ ಡಾಕ್ಟರು ಬೇರೆ. ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಗೊತ್ತಾಗುವುದು ನೀವು ಹೇಳಿದರೆ ಮಾತ್ರ. ಕೆಲವು ವಾರದ ಮಟ್ಟಿಗೆ ಸ್ಟಾಟಿನ್ ನಿಲ್ಲಿಸಬೇಕೋ, ಬೇರೆ ಜಾತಿಯದನ್ನು ಕೊಡಬೇಕೋ ಅವರು ಹೇಳುತ್ತಾರೆ. ಚಕ್ಕೋತದಂಥ ಹಣ್ಣಿನ ರಸಕ್ಕೂ ಸ್ವಲ್ಪಮಟ್ಟಿಗೆ ಈ ಗುಣವಿದೆ, ದಿನಾಲೂ ಲೋಟಗಟ್ಟಲೆ ಕುಡಿಯುವುದು ಬೇಡ. ರೋಸುವಾಸ್ಟಾಟಿನ್ ತೆಗೆದುಕೊಳ್ಳುವವರು ಪಿತ್ತಕ್ಕೆಂದು ಕುಡಿಯುವ ಔಷಧವನ್ನು ಗುಳಿಗೆಯಾದ ಎರಡು ತಾಸಿನ ಮೇಲೆ ಕುಡಿಯಬೇಕು; ಇಲ್ಲವಾದರೆ ಗುಳಿಗೆ ಪೂರ್ತಿ ಮೈಗೆ ಹತ್ತುವುದಿಲ್ಲ.

ಇನ್ನೊಂದು ಅಪಾಯವನ್ನು ಕಾಕಾ ಅವರ ಚೀಲದಲ್ಲೇ ಕಂಡೆ. ಬಿಟ್ಟಿದ್ದ ಗುಳಿಗೆ ಒಂದು ಹೆಸರಿನದು. ರಕ್ತ ತಿಳುವು ಮಾಡುವ ಕ್ಯಾಪ್ಸೂಲ್ ಇನ್ನೊಂದು ಹೆಸರಿನದು. ಆ ಕ್ಯಾಪ್ಸೂಲಿನ ಒಳಗೂ ಆಸ್ಪಿರಿನ್ ಜೊತೆ ಅಟೋರ್ವಾಸ್ಟಾಟಿನ್ ಇತ್ತು! ಎರಡು ಕಡೆ ತೋರಿಸಿದ್ದರು, ಎರಡೂ ಕಡೆ ಬರೆದಿದ್ದರು. ಸ್ಟ್ರಿಪ್ಪಿನ ಮೇಲೆ ದೊಡ್ಡದಾಗಿ ಕಾಣುವುದು ಕಂಪನಿ ಇಟ್ಟ ಹೆಸರು. ಅದರ ಹತ್ತಿರ ಸಣ್ಣ ಅಕ್ಷರದಲ್ಲಿ ಔಷಧದ ನಿಜವಾದ ಹೆಸರು ಇರುತ್ತದೆ. ಸಾಲಿಗೆ ಹೋಗುವ ಮಕ್ಕಳ ಕೈಗೆ ಕೊಟ್ಟು ಓದಿಸಿ. "ವಾಸ್ಟಾಟಿನ್" ಎಂದು ಮುಗಿಯುವ ಹೆಸರು ಎರಡು ಸ್ಟ್ರಿಪ್ಪಿನಲ್ಲಿ ಸಿಕ್ಕರೆ ಡಾಕ್ಟರಿಗೆ ತೋರಿಸಿ. ಜನೌಷಧಿ ಕೇಂದ್ರದಲ್ಲಿ ಕಡಿಮೆ ಬೆಲೆಗೆ ಇದೇ ಔಷಧ ಸಿಗುತ್ತದೆ, ತಗೊಳ್ಳಿ. ಹಳೆಯ ಸ್ಟ್ರಿಪ್ಪನ್ನೂ ಹೊಸದನ್ನೂ ಒಟ್ಟಿಗೆ ನುಂಗಬೇಡಿ.

ಕಾಕಾ ಅವರ ರಕ್ತದಲ್ಲಿ ಸ್ನಾಯುವಿನ ಪರೀಕ್ಷೆ ಮಾಡಿಸಿದೆವು, ಸರಿಯಾಗಿತ್ತು. ಥೈರಾಯ್ಡ್ ಕೂಡ ನೋಡಿಸಿದೆವು. ಅದು ಕಡಿಮೆಯಿದ್ದರೆ ಕೊಲೆಸ್ಟ್ರಾಲೂ ಏರುತ್ತದೆ, ಮೈನೋವೂ ಬರುತ್ತದೆ. ಎರಡು ಕಡೆಯದನ್ನು ಒಂದು ಮಾಡಿ ಗುಳಿಗೆ ಮತ್ತೆ ಸುರುಮಾಡಿದೆವು. ಆರು ವಾರಕ್ಕೆ ಬಂದಾಗ ಎಲ್‌ಡಿಎಲ್ 62 ಇತ್ತು. ಹೃದಯಾಘಾತವಾದವರಿಗೆ ಅದು 70ಕ್ಕಿಂತ, ಸಾಧ್ಯವಾದರೆ 55ಕ್ಕಿಂತ ಕೆಳಗಿರಬೇಕು. ಟೊಂಕದ ನೋವು ಸುಗ್ಗಿಯ ಸಂಗಡವೇ ಹೋಗಿತ್ತು.

ಲಿವರ್ ಕೆಡುತ್ತದೆ ಎಂಬ ಭಯಕ್ಕೆ ಸುರುವಿಗೊಂದು ರಕ್ತಪರೀಕ್ಷೆ ಸಾಕು. ಕಣ್ಣು ಹಳದಿಯಾದರೆ, ಊಟ ಸೇರದಿದ್ದರೆ ಮತ್ತೊಮ್ಮೆ ಮಾಡಿಸಬೇಕು. ಲಿವರಿಗೆ ನಿಜವಾದ ವೈರಿ ದಾರು. ಸಕ್ಕರೆ ಕಾಯಿಲೆಯ ಮಾತು ಸುಳ್ಳಲ್ಲ: 255 ಜನ ನಾಲ್ಕು ವರ್ಷ ಸ್ಟಾಟಿನ್ ತೆಗೆದುಕೊಂಡರೆ ಒಬ್ಬರಿಗೆ ಹೆಚ್ಚಾಗಿ ಸಕ್ಕರೆ ಬರುತ್ತದೆ ಎಂಬ ಲೆಕ್ಕವಿದೆ, ಅದೂ ಬಹುತೇಕ ಆ ಅಂಚಿನಲ್ಲೇ ಇದ್ದವರಿಗೆ. ಹೃದಯಕ್ಕೆ ಆಗುವ ಲಾಭ ಇದಕ್ಕಿಂತ ಬಹಳ ದೊಡ್ಡದು. ಬಸುರಿಯಾಗಬೇಕೆಂದಿರುವ ಹೆಣ್ಣುಮಕ್ಕಳು, ಬಸುರಿಯರು, ಮೊಲೆಯುಣಿಸುವ ತಾಯಂದಿರು ಮಾತ್ರ ಡಾಕ್ಟರನ್ನು ಕೇಳದೆ ಇದನ್ನು ಮುಟ್ಟಬಾರದು. ಇನ್ನು ಊಟ. ನಮ್ಮ ಜೋಳದ ರೊಟ್ಟಿ, ಕಾಳಿನ ಪಲ್ಯ, ಕುಸುಬಿ ಎಣ್ಣೆ, ಅಗಸಿ ಚಟ್ನಿ ಎಲ್ಲವೂ ಹೃದಯಕ್ಕೆ ಹಿತ. ಕೆಡಿಸುವುದು ಕಾದ ಎಣ್ಣೆಯಲ್ಲೇ ಮತ್ತೆ ಮತ್ತೆ ಕರಿದ ಮಿರ್ಚಿ ಭಜಿ, ಡಾಲ್ಡಾ, ಬೀಡಿ, ತಂಬಾಕು. ಆದರೆ ಒಮ್ಮೆ ಹೃದಯಾಘಾತವಾದವರು ರೊಟ್ಟಿ ತಿಂದು ಗುಳಿಗೆ ಬಿಡುವ ಲೆಕ್ಕ ಹಾಕಬಾರದು. ಬಿಟ್ಟ ಕೆಲವೇ ವಾರದಲ್ಲಿ ಕೊಲೆಸ್ಟ್ರಾಲ್ ಮೊದಲಿನ ಮಟ್ಟಕ್ಕೆ ಬರುತ್ತದೆ.

ಹೊತ್ತಿನ ವಿಷಯ ಬಹಳ ಜನ ಕೇಳುತ್ತಾರೆ. ಸಿಮ್ವಾಸ್ಟಾಟಿನ್ ರಾತ್ರಿಯೇ ತೆಗೆದುಕೊಳ್ಳಬೇಕು. ಅಟೋರ್ವಾಸ್ಟಾಟಿನ್, ರೋಸುವಾಸ್ಟಾಟಿನ್ ಯಾವ ಹೊತ್ತಿಗಾದರೂ ಆದೀತು, ದಿನಾಲೂ ಅದೇ ಹೊತ್ತಿಗೆ ಆದರೆ ಮರೆಯುವುದಿಲ್ಲ. ಬನದ ಹುಣ್ಣಿವೆಗೆ ಎಲ್ಲಮ್ಮನ ಗುಡ್ಡಕ್ಕೆ ಚಕ್ಕಡಿ ಕಟ್ಟುವಾಗ ರೊಟ್ಟಿಯ ಗಂಟಿನ ಜೊತೆ ಗುಳಿಗೆಯನ್ನೂ ಎಣಿಸಿ ಕಟ್ಟಿಕೊಳ್ಳಿ. ಹೋಗುವ ದಿನ, ಇರುವ ದಿನ, ಬರುವ ದಿನ, ಮೇಲೆ ಎರಡು ಹೆಚ್ಚಿಗೆ. ರಾತ್ರಿ ಮರೆತು ಬೆಳಿಗ್ಗೆ ನೆನಪಾದರೆ ಆಗ ನುಂಗಿ. ಮರುದಿನದ ಹೊತ್ತೇ ಬಂದುಬಿಟ್ಟಿದ್ದರೆ ಹೋದದ್ದನ್ನು ಬಿಟ್ಟು ಒಂದೇ ನುಂಗಿ, ಎರಡು ಕೂಡಿಸಬೇಡಿ.