ರೋಬೋಟ್ ತೋಳಿನಲ್ಲಿ ಸಮಾಂತರ ಚತುರ್ಭುಜ

(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಮುಂದೆ ಓದುವ ಮಕ್ಕಳಿಗೆ ಉಪಯೋಗವಾಗುವಂಥದ್ದು ಹೇಳಿ ಎಂದು ಸಮಿತಿಯವರು ತಿಳಿಸಿದ್ದಾರೆ. ಶಸ್ತ್ರಚಿಕಿತ್ಸೆಯ ರೋಬೋಟ್ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ.

ರೋಬೋಟ್ ತಾನೇ ಆಪರೇಷನ್ ಮಾಡುತ್ತದೆ ಎಂದು ಹಲವರು ತಿಳಿದಿದ್ದಾರೆ. ಆಸ್ಪತ್ರೆಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ‘ಡಾ ವಿಂಚಿ’ ಯಂತ್ರ ಹಾಗಲ್ಲ. ವೈದ್ಯರು ಕನ್ಸೋಲ್ ಮುಂದೆ ಕುಳಿತು ಕೈಯಾಡಿಸುತ್ತಾರೆ. ಯಂತ್ರದ ತೋಳು ಅದನ್ನು ಅನುಸರಿಸುತ್ತದೆ. ಕೈ 3 ಸೆಂ.ಮೀ. ಸರಿದರೆ ಒಳಗಿನ ಉಪಕರಣ 1 ಸೆಂ.ಮೀ. ಮಾತ್ರ ಸರಿಯುವಂತೆ ಹೊಂದಿಸಬಹುದು. ಕೈನಡುಕವನ್ನು ತಂತ್ರಾಂಶ ಸೋಸಿಬಿಡುತ್ತದೆ. 2001ರ ಸೆಪ್ಟೆಂಬರ್ 7ರಂದು ಡಾ. ಜಾಕ್ ಮಾರೆಸ್ಕೊ ಅವರ ತಂಡ ‘ಜೀಯಸ್’ ಎಂಬ ಇನ್ನೊಂದು ರೋಬೋಟಿನ ಮೂಲಕ, ನ್ಯೂಯಾರ್ಕಿನಿಂದಲೇ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿದ್ದ ಮಹಿಳೆಯ ಪಿತ್ತಕೋಶ ತೆಗೆಯಿತು. ಅಲ್ಲೂ ನಿರ್ಧಾರ ವೈದ್ಯರದೇ.

ನನಗೆ ಇದರಲ್ಲಿ ಬಹಳ ಹಿಡಿಸಿದ್ದು ಒಂದು ರೇಖಾಗಣಿತ. ಹೊಟ್ಟೆಯ ಮೇಲಿನ ಚಿಕ್ಕ ರಂಧ್ರದಿಂದ ಒಳಹೋದ ಉಪಕರಣ ಎಲ್ಲ ಕಡೆಗೂ ಬಾಗಬೇಕು. ಆದರೆ ರಂಧ್ರವನ್ನು ಜಗ್ಗಬಾರದು, ಜಗ್ಗಿದರೆ ಗಾಯ ಹಿಗ್ಗುತ್ತದೆ. ಅಂದರೆ ಆ ಬಿಂದುವಿನ ಸುತ್ತಲೇ ತಿರುಗಬೇಕು. ಅಲ್ಲಿ ಕೀಲು ಇಡುವಂತಿಲ್ಲ. ಇದಕ್ಕೆ ಪರಿಹಾರ ನೀವು ಹೈಸ್ಕೂಲಿನಲ್ಲಿ ಓದುವ ಸಮಾಂತರ ಚತುರ್ಭುಜ! ತೋಳಿನ ಸರಳುಗಳನ್ನು ಆ ಆಕಾರದಲ್ಲಿ ಜೋಡಿಸಿದರೆ, ಬುಡದ ಸರಳು ಎಷ್ಟು ಡಿಗ್ರಿ ತಿರುಗುತ್ತದೋ ಅದಕ್ಕೆ ಅಭಿಮುಖವಾಗಿರುವ ಉಪಕರಣವೂ ಅಷ್ಟೇ ತಿರುಗುತ್ತದೆ. ನಾಲ್ಕನೆಯ ಶೃಂಗ ಸರಿಯಾಗಿ ರಂಧ್ರದ ಮೇಲೆ ಬೀಳುತ್ತದೆ. ಕೀಲಿಲ್ಲದಿದ್ದರೂ ಆ ಬಿಂದು ಕದಲುವುದಿಲ್ಲ. ‘ಈ ಪ್ರಮೇಯ ಯಾವುದಕ್ಕೆ ಸಾರ್?’ ಎಂದು ಕೇಳುವವರಿಗೆ ಇದು ಉತ್ತರ.

ಆದರೆ ಲೆಕ್ಕ ಸರಿಬಂದರೆ ಸಾಲದು, ವಸ್ತು ತಯಾರಾಗಬೇಕು. ಉಪಕರಣದ ತುದಿಯಲ್ಲಿರುವ ಮಣಿಕಟ್ಟು ನಮ್ಮ ಕಿರುಬೆರಳಿಗಿಂತ ತೆಳು. ಅದನ್ನು ಆಡಿಸುವುದು ಪುಟ್ಟ ರಾಟೆಗಳ ಮೇಲೆ ಓಡುವ ಟಂಗ್‌ಸ್ಟನ್ ತಂತಿಗಳು. ಬಾವಿಯ ಹಗ್ಗದಂತೆ ಅವೂ ಸವೆಯುತ್ತವೆ. ಹಾಗಾಗಿ ಬಹುಕಾಲ ಇಂಥ ಹಲವು ಉಪಕರಣಗಳನ್ನು 10 ಸಲ ಬಳಸಿ ಬಿಸಾಡಬೇಕಿತ್ತು. ಈಚಿನವು ಇನ್ನು ಕೆಲವು ಸಲ ಹೆಚ್ಚು ಬರುತ್ತವೆ. ಚಿಕಿತ್ಸೆ ದುಬಾರಿಯಾಗಲು ಇದೂ ಒಂದು ಕಾರಣ. ನಮ್ಮ ತಾಲ್ಲೂಕು ಆಸ್ಪತ್ರೆಗೆ ಈ ಯಂತ್ರ ಬರದಿರುವುದು ಜ್ಞಾನದ ಕೊರತೆಯಿಂದಲ್ಲ, ಬೆಲೆಯಿಂದ.

ಬೆಲೆ ಇಳಿಸಬಹುದು. 1992ರಲ್ಲಿ ಮಧುರೈನ ಆರೋಲ್ಯಾಬ್ ಕಣ್ಣಿನ ಪೊರೆ ಚಿಕಿತ್ಸೆಗೆ ಬೇಕಾದ ಮಸೂರವನ್ನು ನಮ್ಮಲ್ಲೇ ತಯಾರಿಸತೊಡಗಿತು. ಆಮದು ಮಸೂರ ಕೊಳ್ಳಲಾಗದ ಬಡವರ ಕಣ್ಣಿಗೂ ಅದು ಸಿಕ್ಕಿತು.

ಮಕ್ಕಳೇ, ನಾನು ಸಾಫ್ಟ್‌ವೇರ್ ಎಂಜಿನಿಯರ್. ನನ್ನಂಥವರು ಬರೆಯುವ ಪ್ರೋಗ್ರಾಂ ತಂತಿಯ ಸವೆತವನ್ನು ತಡೆಯಲಾರದು. ಅದಕ್ಕೆ ಲೋಹ ಬಲ್ಲವರು, ಸೂಕ್ಷ್ಮವಾಗಿ ಕಡೆಯಬಲ್ಲವರು, ಅಳೆಯಬಲ್ಲವರು ಬೇಕು. ಪಿಯುಸಿ ವಿಜ್ಞಾನಕ್ಕೆ ಹೋಗುವವರಷ್ಟೇ ಅಲ್ಲ, ಐಟಿಐ, ಡಿಪ್ಲೊಮಾ ಸೇರುವವರೂ ಈ ಸಂಶೋಧನೆಗೆ ಬೇಕಾದವರೇ. ಯಾರೂ ತಮ್ಮನ್ನು ಕಡಿಮೆ ಎಂದು ಎಣಿಸಬೇಡಿ.