ಅಂಕಗಳು ಬಾಗಿಲವರೆಗೆ ಮಾತ್ರ

(ಸ್ನಾತಕೋತ್ತರ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ವಿಶ್ವವಿದ್ಯಾನಿಲಯವೊಂದು ಅಧ್ಯಾಪಕ ಹುದ್ದೆಗಳಿಗೆ ಅರ್ಜಿ ಕರೆದಾಗಲೆಲ್ಲ ನಮ್ಮ ಯುವಕರಿಂದ ಒಂದು ಮಾತು ಕೇಳಿಬರುತ್ತದೆ: 'ಅಲ್ಲಿ ಎಲ್ಲವೂ ಮೊದಲೇ ನಿಶ್ಚಯವಾಗಿರುತ್ತದೆ, ಅರ್ಜಿ ಹಾಕಿ ಫಲವೇನು?' ಈ ಶಂಕೆ ಸಂಪೂರ್ಣ ನಿರಾಧಾರವೆಂದು ನಾನು ಹೇಳಲಾರೆ. ಆದರೆ ಅರ್ಜಿಯನ್ನೇ ಹಾಕದವನಿಗೆ ಅನ್ಯಾಯವನ್ನು ಪ್ರಶ್ನಿಸುವ ಹಕ್ಕಾದರೂ ಎಲ್ಲಿ ಉಳಿಯಿತು?

ಮೊದಲು ನಿಯಮವನ್ನು ಅರಿಯಬೇಕು. 2023ರ ಜುಲೈ 1ರಿಂದ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಪಿಎಚ್‌ಡಿ ಕಡ್ಡಾಯವಲ್ಲ; ನೆಟ್, ಸೆಟ್ ಅಥವಾ ಸ್ಲೆಟ್ ಕನಿಷ್ಠ ಅರ್ಹತೆ. ಇನ್ನು ಸಂಶೋಧನೆಯ ಹಂಗಿಲ್ಲವೆಂದು ನಿಟ್ಟುಸಿರು ಬಿಡುವವರು ಯುಜಿಸಿಯ 2018ರ ನಿಯಮಾವಳಿಯ ಅಂಕಪಟ್ಟಿಯನ್ನೊಮ್ಮೆ ನೋಡಲಿ. ವಿಶ್ವವಿದ್ಯಾನಿಲಯಗಳಲ್ಲಿ ಸಂದರ್ಶನಕ್ಕೆ ಕರೆಯಲು ಲೆಕ್ಕ ಹಾಕುವ 100 ಅಂಕಗಳಲ್ಲಿ ಪಿಎಚ್‌ಡಿಗೆ 30. ಜೆಆರ್‌ಎಫ್ ಸಹಿತ ನೆಟ್‌ಗೆ 7, ಬರೀ ನೆಟ್‌ಗೆ 5, ಸೆಟ್‌ಗೆ 3. ಬೋಧನಾನುಭವಕ್ಕೆ ವರ್ಷಕ್ಕೆ 2ರಂತೆ ಗರಿಷ್ಠ 10. ಕಡ್ಡಾಯವಲ್ಲದ ಪದವಿಯೇ ಸರತಿಯಲ್ಲಿ ಮುಂದೆ ನಿಲ್ಲಿಸುತ್ತದೆ! 2025ರ ಜನವರಿಯಲ್ಲಿ ಹೊಸ ಕರಡು ನಿಯಮಗಳೂ ಪ್ರಕಟವಾದವು. ಆದ್ದರಿಂದ ಪ್ರತಿ ಅಧಿಸೂಚನೆಯನ್ನೂ ಹೊಸದೆಂದೇ ಓದಿರಿ.

ಸಂಶೋಧನೆಗೆ ಹಣವೆಲ್ಲಿ? ಅಲ್ಪಸಂಖ್ಯಾತರಿಗಿದ್ದ ಮೌಲಾನಾ ಆಝಾದ್ ರಾಷ್ಟ್ರೀಯ ಫೆಲೋಶಿಪ್ಪನ್ನು ಕೇಂದ್ರ ಸರಕಾರ 2022ರಲ್ಲಿ ನಿಲ್ಲಿಸಿತು. ಬಡ ಮನೆಯ ಮಕ್ಕಳಿಗೆ ಅದು ದೊಡ್ಡ ಪೆಟ್ಟು. ಉಳಿದಿರುವ ಮುಖ್ಯ ಆಸರೆ ಜೆಆರ್‌ಎಫ್. 2023ರ ಜನವರಿಯಿಂದ ಅದರ ಮೊತ್ತ ಮಾಸಿಕ 37,000 ರೂಪಾಯಿ. 2024ರ ಜೂನ್‌ನಿಂದ ನೆಟ್ ಅಂಕಗಳು ಪಿಎಚ್‌ಡಿ ಪ್ರವೇಶಕ್ಕೂ ಅನ್ವಯಿಸುತ್ತವೆ.

ಆದರೆ ಈ ಅಂಕಗಳೆಲ್ಲ ಬಾಗಿಲವರೆಗೆ ಮಾತ್ರ. ಒಳಗೆ ಹೋದ ಮೇಲೆ ಆಯ್ಕೆ ಕೇವಲ ಸಂದರ್ಶನದಿಂದಲೇ ಎಂದು ಅದೇ ನಿಯಮಾವಳಿ ಹೇಳುತ್ತದೆ. ಮೂವತ್ತು ಅಂಕ ತಂದವನೂ ಐದು ಅಂಕದವನೂ ಅಲ್ಲಿ ಸಮಾನರು. ಪಕ್ಷಪಾತ ನುಸುಳುವುದೂ ಇಲ್ಲಿಯೇ. ಸಿದ್ಧತೆಯಿಲ್ಲದೆ ನಾವು ಸೋಲುವುದೂ ಇಲ್ಲಿಯೇ. ಈ ಎರಡನ್ನೂ ಪ್ರತ್ಯೇಕಿಸಿ ನೋಡುವ ಪ್ರಾಮಾಣಿಕತೆ ನಮಗಿದೆಯೇ?

ಐದು ವರ್ಷ ದುಡಿದ ಪ್ರಬಂಧವನ್ನು ಐದು ನಿಮಿಷಗಳಲ್ಲಿ, ಬೇರೆ ವಿಷಯದ ವಿದ್ವಾಂಸನಿಗೂ ಮನದಟ್ಟಾಗುವಂತೆ ಹೇಳಲು ನಮ್ಮಲ್ಲಿ ಎಷ್ಟು ಮಂದಿಗೆ ಸಾಧ್ಯ? ಮದ್ರಸದಲ್ಲಿ ನಾವು ಪಾಠ ಮುಗಿದ ಬಳಿಕ ಗುಂಪಾಗಿ ಕುಳಿತು, ಒಬ್ಬನು ಇಡೀ ಪಾಠವನ್ನು ಮತ್ತೆ ಹೇಳಿ ಸಹಪಾಠಿಗಳ ಪ್ರಶ್ನೆಗಳಿಗೆ ಉತ್ತರಿಸಬೇಕಿತ್ತು. ಅದಕ್ಕೆ ತಕ್ರಾರ್ ಎನ್ನುತ್ತಿದ್ದರು (ಕನ್ನಡದ ತಕರಾರಲ್ಲ, ಆದರೂ ಆಗಾಗ ಅದೂ ಆಗುತ್ತಿತ್ತು). ಪುಸ್ತಕ ಮುಚ್ಚಿದಾಗಲೇ ನಮಗೆ ತಿಳಿಯದ್ದು ಯಾವುದೆಂದು ಗೊತ್ತಾಗುತ್ತಿತ್ತು. ಬಿ.ಎ. ತರಗತಿಯಲ್ಲಿ ನನಗೆ ಆ ಅಭ್ಯಾಸ ಕಾಣಸಿಗಲಿಲ್ಲ. ಸಂದರ್ಶನಕ್ಕೆ ಮುನ್ನ ನೀವು ನಾಲ್ವರು ಗೆಳೆಯರನ್ನು ಕೂರಿಸಿಕೊಂಡು ಅದನ್ನೇ ಮಾಡಿರಿ. ನಿಷ್ಠುರವಾಗಿ ಪ್ರಶ್ನಿಸುವವರನ್ನೇ ಆರಿಸಿರಿ.

ಅರ್ಜಿಯ ಪ್ರತಿ, ಶುಲ್ಕದ ರಶೀದಿ, ಅನುಭವ ಪತ್ರಗಳನ್ನು ಜೋಪಾನವಾಗಿಡಿ. ಮೀಸಲಾತಿಗೆ ಕೇಂದ್ರದ ಪಟ್ಟಿ ಬೇರೆ, ರಾಜ್ಯದ ಪಟ್ಟಿ ಬೇರೆ. ಪ್ರಮಾಣಪತ್ರದ ನಮೂನೆಯೂ ಬೇರೆ. ಆಯ್ಕೆಯಾಗದಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆಯಡಿ ನಿಮ್ಮ ಅಂಕಗಳನ್ನು ಕೇಳಿರಿ. ಮತ್ತು ಮುಂದಿನ ಅಧಿಸೂಚನೆ ಬಂದ ದಿನವೇ ಪುನಃ ಅರ್ಜಿ ಹಾಕಿರಿ.