ಲೆಕ್ಕಕ್ಕಿಲ್ಲದ ಪ್ರಶ್ನೆ, ಲೆಕ್ಕ ತಪ್ಪಿಸಿದ ಅಂಕ

ಜಪಾನಿನಲ್ಲಿ ಬೆಳೆಯುತ್ತಿರುವ ನಮ್ಮ ಕನ್ನಡದ ಮಕ್ಕಳೇ,

ನಿಮ್ಮಲ್ಲಿ ಕೆಲವರಿಗೆ ಡಾಕ್ಟರಾಗುವ ಆಸೆ ಇದೆ. ಒಬ್ಬರು ಜುಕುವಿನಲ್ಲಿ ಕೂತು ಕ್ಯೋತ್ಸೂ ಟೆಸ್ಟಿಗೆ ಓದುತ್ತಿದ್ದೀರಿ. ಇನ್ನೊಬ್ಬರು ಊರಿನ ಕಡೆ ಸೀಟಿಗಾಗಿ ನೀಟ್ ಬರೆಯುವವರು. ಮತ್ತೊಬ್ಬರು ಪದವಿ ಮುಗಿಸಿ ಅಮೆರಿಕದ ಎಂಕ್ಯಾಟ್ ಬರೆಯೋಣ ಅಂದುಕೊಂಡಿದ್ದೀರಿ. ಹೇಗೆ ಓದಬೇಕು ಅಂತ ನಾನು ಹೇಳುವುದಿಲ್ಲ, ಅದನ್ನು ಮನೆಯಲ್ಲಿ ದಿನಾ ಕೇಳುತ್ತೀರಿ. ನೀವು ಬರೆದ ಉತ್ತರ ಅಂಕವಾಗುವುದು ಹೇಗೆ ಅನ್ನುವುದನ್ನು ಮಾತ್ರ ಇವತ್ತು ನೋಡೋಣ.

ಮೊದಲು ಒಂದು ವಿಚಿತ್ರ. ಕೆಲವು ಪರೀಕ್ಷೆಗಳಲ್ಲಿ ಅಂಕವೇ ಇಲ್ಲದ ಪ್ರಶ್ನೆಗಳಿರುತ್ತವೆ. ಎಂಕ್ಯಾಟ್‌ನಲ್ಲಿ ಒಟ್ಟು 230 ಪ್ರಶ್ನೆ. ಅವುಗಳಲ್ಲಿ ಕೆಲವು ಲೆಕ್ಕಕ್ಕಿಲ್ಲ. ಯಾವುವು ಅಂತ ಯಾರೂ ಹೇಳುವುದಿಲ್ಲ. ಜಪಾನಿನಲ್ಲೂ ಇಂಥದೇ ಒಂದಿದೆ. ಇಲ್ಲಿ ಮೆಡಿಕಲ್ ಸೇರಿದವರು ಆಸ್ಪತ್ರೆಯ ವಾರ್ಡಿಗೆ ಕಾಲಿಡುವ ಮುಂಚೆ ಸಿಬಿಟಿ ಅನ್ನುವ ಕಂಪ್ಯೂಟರ್ ಪರೀಕ್ಷೆ ಬರೆಯಬೇಕು. ಅದರ 320 ಪ್ರಶ್ನೆಗಳಲ್ಲಿ 240ಕ್ಕೆ ಮಾತ್ರ ಅಂಕ. ಉಳಿದ 80 ಪ್ರಯೋಗಕ್ಕೆ.

ಯಾಕೆ ಹೀಗೆ? ನಮ್ಮ ಭಾಷೆಯಲ್ಲಿ ಒರೆಗಲ್ಲು ಅನ್ನುವ ಒಳ್ಳೆಯ ಪದವಿದೆ. ಅಕ್ಕಸಾಲಿಗ ಚಿನ್ನವನ್ನು ಕಲ್ಲಿಗೆ ಉಜ್ಜಿ ನೋಡುತ್ತಾನೆ. ಆದರೆ ಕಲ್ಲೇ ಹೊಸದಾದರೆ? ಮೊದಲು ಗುಣ ಗೊತ್ತಿರುವ ಚಿನ್ನ ಉಜ್ಜಿ ಆ ಕಲ್ಲನ್ನೇ ಪರೀಕ್ಷಿಸಬೇಕು. ಅಂಕವಿಲ್ಲದ ಪ್ರಶ್ನೆ ಅಂಥ ಹೊಸ ಕಲ್ಲು. ಚೆನ್ನಾಗಿ ಓದಿದವರೇ ಅದನ್ನು ತಪ್ಪು ಮಾಡಿ, ಓದದವರು ಸರಿ ಮಾಡಿದರೆ ಪ್ರಶ್ನೆಯಲ್ಲೇ ಏನೋ ಐಬಿದೆ ಅಂತ ಅರ್ಥ. ಅದನ್ನು ಬಿಸಾಡುತ್ತಾರೆ. ಒಳ್ಳೆಯದು ಅಂತ ಗೊತ್ತಾದರೆ ಮುಂದಿನ ವರ್ಷದವರಿಗೆ ಅಂಕದ ಪ್ರಶ್ನೆಯಾಗಿ ಬರುತ್ತದೆ. ಅಂದರೆ ನೀವು ಬರೆಯುವ ಪ್ರಶ್ನೆಗಳನ್ನೂ ನಿಮಗಿಂತ ಹಿರಿಯರು ಅಂಕವಿಲ್ಲದೆ ಬಿಡಿಸಿ ಕೊಟ್ಟಿದ್ದಾರೆ.

ಈ ಕೆಲಸ ಮೊದಲೇ ಆಗದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ನಮ್ಮ ಕರ್ನಾಟಕದ್ದೇ ಉದಾಹರಣೆ ಇದೆ. 2024ರ ಏಪ್ರಿಲ್‌ನಲ್ಲಿ ನಡೆದ ಸಿಇಟಿಯಲ್ಲಿ ಪಠ್ಯದಲ್ಲಿಲ್ಲದ ಪ್ರಶ್ನೆಗಳು ಬಂದವು. ದೊಡ್ಡ ಗಲಾಟೆಯಾಯಿತು. ಕೊನೆಗೆ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದಲೇ ಕೈಬಿಟ್ಟರು. ಆ ಪ್ರಶ್ನೆಗಳೊಂದಿಗೆ ಗುದ್ದಾಡಿ ಸಮಯ ಕಳೆದುಕೊಂಡವರಿಗೆ ಆ ಸಮಯ ವಾಪಸ್ ಬರಲಿಲ್ಲ.

ಅಂಕವನ್ನು ಆಮೇಲೆ ತಿದ್ದುವುದೆಲ್ಲ ಮೋಸವಲ್ಲ. ಕ್ಯೋತ್ಸೂ ಟೆಸ್ಟಿನಲ್ಲಿ ನೀವು ಜೀವಶಾಸ್ತ್ರ ತೆಗೆದುಕೊಂಡಿದ್ದೀರಿ, ಗೆಳೆಯ ಭೌತಶಾಸ್ತ್ರ ತೆಗೆದುಕೊಂಡಿದ್ದಾನೆ ಅನ್ನಿ. ನಿಮ್ಮ ಪತ್ರಿಕೆ ತೀರಾ ಕಷ್ಟವಾಗಿ, ಎರಡರ ಸರಾಸರಿಯಲ್ಲಿ 20 ಅಂಕಕ್ಕೂ ಹೆಚ್ಚು ಅಂತರ ಬಂದರೆ ಅಂಕ ಹೊಂದಿಸುವ ನಿಯಮವಿದೆ. 2023ರಲ್ಲಿ ಹಾಗೆಯೇ ಆಯಿತು, ಜೀವಶಾಸ್ತ್ರ ಮತ್ತು ರಸಾಯನಶಾಸ್ತ್ರದ ಅಂಕಗಳನ್ನು ಏರಿಸಿದರು. ನಿಯಮ ಮೊದಲೇ ಪ್ರಕಟವಾಗಿತ್ತು, ಆ ವಿಷಯ ಬರೆದ ಎಲ್ಲರಿಗೂ ಒಂದೇ ಲೆಕ್ಕ.

ಆದರೆ ಇದೇ ದೇಶದಲ್ಲಿ ಇನ್ನೊಂದು ಬಗೆಯ ತಿದ್ದುಪಡಿಯೂ ನಡೆದಿತ್ತು. 2018ರ ಆಗಸ್ಟಿನಲ್ಲಿ ಅದು ಬಯಲಾದಾಗ ನಿಮ್ಮಲ್ಲಿ ಬಹಳ ಜನ ಚಿಕ್ಕವರು. ಟೋಕಿಯೋ ಮೆಡಿಕಲ್ ಯೂನಿವರ್ಸಿಟಿಯಲ್ಲಿ ಎಲ್ಲರ ಪ್ರಬಂಧದ ಅಂಕವನ್ನು ಮೊದಲು 0.8ರಿಂದ ಗುಣಿಸುತ್ತಿದ್ದರು. ಆಮೇಲೆ ಮೂರನೇ ಪ್ರಯತ್ನದವರೆಗಿನ ಹುಡುಗರಿಗೆ 20 ಅಂಕ, ನಾಲ್ಕನೇ ಸಲದವರಿಗೆ 10 ಅಂಕ ಸೇರಿಸುತ್ತಿದ್ದರು. ಹುಡುಗಿಯರಿಗೆ ಏನೂ ಇಲ್ಲ. ಅದಕ್ಕಿಂತ ಹೆಚ್ಚು ಸಲ ಬರೆದ ರೋನಿನ್ ಹುಡುಗರಿಗೂ ಇಲ್ಲ. ಸರ್ಕಾರ ದೇಶದ 81 ಮೆಡಿಕಲ್ ವಿಭಾಗಗಳನ್ನು ಪರಿಶೀಲಿಸಿದಾಗ ಬೇರೆ ಕಡೆಯೂ ಅನುಚಿತ ಪದ್ಧತಿಗಳು ಸಿಕ್ಕಿದವು. 2021ರ ಪ್ರವೇಶದಲ್ಲಿ ಇಡೀ ದೇಶದ ಲೆಕ್ಕ ನೋಡಿದರೆ ಹುಡುಗಿಯರು ಪಾಸಾಗುವ ಪ್ರಮಾಣ ಹುಡುಗರದಕ್ಕಿಂತ ತುಸು ಮೇಲೆ ಹೋಯಿತು.

ನನ್ನನ್ನು ಕಾಡುವುದು ಆ ಹುಡುಗಿಯರು. ನಾನು ಇನ್ನೂ ಓದಬೇಕಿತ್ತು, ನನಗೆ ಬುದ್ಧಿ ಸಾಲದು ಅಂದುಕೊಂಡು ಎಷ್ಟು ಜನ ಬೇರೆ ದಾರಿ ಹಿಡಿದಿರಬೇಕು! ಸೋಲುವುದು ತಪ್ಪಲ್ಲ. ಆದರೆ ಸೋತರೆ ಅದು ನಮ್ಮದೇ ಸೋಲಾಗಿರಬೇಕು, ತಕ್ಕಡಿಯ ಮೇಲೆ ಯಾರೋ ಇಟ್ಟ ಹೆಬ್ಬೆರಳಿನದಲ್ಲ.

ನೋಡಿ, ಎರಡರಲ್ಲೂ ನಿಮಗೆ ಕಾಣದ್ದು ಒಂದಿದೆ. ಅಂಕವಿಲ್ಲದ ಪ್ರಶ್ನೆ ಎಲ್ಲಿದೆ ಅಂತ ಕಾಣುವುದಿಲ್ಲ, ಆದರೆ ಇದೆ ಅಂತ ಮೊದಲೇ ಹೇಳಿರುತ್ತಾರೆ. ಕದ್ದು ಕೂಡಿಸಿದ ಅಂಕ ಇದೆ ಅಂತಲೇ ಯಾರೂ ಹೇಳಿರಲಿಲ್ಲ. ನ್ಯಾಯಕ್ಕೂ ಅನ್ಯಾಯಕ್ಕೂ ವ್ಯತ್ಯಾಸ ಅಲ್ಲಿದೆ.

ಹಾಗಾಗಿ ಯಾವ ಪರೀಕ್ಷೆ ಬರೆದರೂ ಅದರ ನಿಯಮಾವಳಿಯನ್ನು ನೀವೇ ಓದಿ. ಅಪ್ಪ ಅಮ್ಮ ಓದಲಿ ಅಂತ ಬಿಡಬೇಡಿ. ಮೂರು ವಿಷಯ ಹುಡುಕಿ. ತಪ್ಪು ಉತ್ತರಕ್ಕೆ ಅಂಕ ಕಳೆಯುತ್ತಾರೆಯೇ? ನೀಟ್‌ನಲ್ಲಿ ಸರಿಗೆ 4, ತಪ್ಪಿಗೆ 1 ಕಡಿತ. ಗೊತ್ತಿಲ್ಲದ್ದನ್ನು ಬಿಡುವುದೂ ಜಾಣತನ. ಎಂಕ್ಯಾಟ್‌ನಲ್ಲಿ ಕಡಿತವಿಲ್ಲ, ಅಲ್ಲಿ ಒಂದನ್ನೂ ಖಾಲಿ ಬಿಡಬಾರದು. ಎರಡನೆಯದು, ಲೆಕ್ಕಕ್ಕಿಲ್ಲದ ಪ್ರಶ್ನೆಗಳಿವೆಯೇ? ಮೂರನೆಯದು, ಅಂಕ ಹೊಂದಿಸುವ ನಿಯಮ ಏನು, ಅದು ಎಲ್ಲರಿಗೂ ಒಂದೇಯೇ?

ಪರೀಕ್ಷೆಯ ಕೋಣೆಯಲ್ಲಿ ಮಾತ್ರ ಪತ್ತೇದಾರಿ ಮಾಡಬೇಡಿ. ಇದು ವಿಚಿತ್ರವಾಗಿದೆ, ಇದಕ್ಕೆ ಅಂಕ ಇರಲಾರದು ಅಂತ ಊಹಿಸಿ ಬಿಟ್ಟರೆ ಅದೇ ಅಂಕದ ಪ್ರಶ್ನೆಯಾಗಿರಬಹುದು. ಪ್ರತಿಯೊಂದಕ್ಕೂ ಅದರ ಪಾಲಿನ ಸಮಯ ಕೊಡಿ, ಬಗೆಹರಿಯದಿದ್ದರೆ ಮುಂದಕ್ಕೆ ಹೋಗಿ. ಹಿಂದಿನ ಪ್ರಶ್ನೆಯ ಸಂಕಟವನ್ನು ಮುಂದಿನದಕ್ಕೆ ಹೊತ್ತೊಯ್ಯಬೇಡಿ. ನಿಮ್ಮ ತಲೆ ಕೆಡಿಸಿದ ಆ ಪ್ರಶ್ನೆ ಲೆಕ್ಕದಲ್ಲೇ ಇಲ್ಲದಿರಬಹುದು.

ಎಲ್ಲರಿಗೂ ಒಳ್ಳೆಯದಾಗಲಿ.